ಸುಲ್ತಾನ್ ಬೀ ಮನೆಯ ಕರೆಂಟು ಬೀರು

ಮಳೆ ಹಿಡಿದ ಮೇಲೆ ನಯಾಜ್ ಪಾಷಾ ಮತ್ತೆ ಮತ್ತೆ ಸುಲ್ತಾನ್ ಬೀ ಮನೆಗೆ ಹೋಗತೊಡಗಿದ. ಮಂಡ್ಯದ ಗುತ್ತಲು ರಸ್ತೆಯಲ್ಲಿ ಕರೆಂಟು ಕೆಟ್ಟರೆ ಎಲ್ಲರೂ ಕರೆಯುವುದು ಅವನನ್ನೇ. ಆದರೆ ಒಂದು ಕಾಲಕ್ಕೆ, ಅವನ ಜೊತೆಗೇ ಆಡಿ ಬೆಳೆದ ಸುಲ್ತಾನ್ ಬೀಯನ್ನೇ ಅವನಿಗೆ ತರುವ ಮಾತು ನಡೆದು ಮುರಿದುಬಿದ್ದಿತ್ತು. ಅದು ಅವನ ಹೆಂಡತಿ ಜೈನಾಬ್ ಬೀಗೆ ಗೊತ್ತಿತ್ತು. ಈಗ ಸುಲ್ತಾನ್ ಬೀ ಗಂಡ ಸತ್ತವಳು, ಒಂಟಿ.

ಆ ಮನೆಯಲ್ಲಿ ಬಟ್ಟೆ ಒಣಗಿಸುವ ಬೀರು ಇತ್ತು. ಮಹಾಯುದ್ಧ ಮುಗಿದು ತನ್ನೂರಿಗೆ ಹೊರಟ ಬಿಳಿ ಇಂಜಿನಿಯರೊಬ್ಬ ಹರಾಜು ಹಾಕಿದ್ದನ್ನು ಅವಳ ಗಂಡ ತಂದಿದ್ದ. ಒಳಗೆಲ್ಲ ತಗಡು, ಬುಡದಲ್ಲಿ ಕೆಂಪಗೆ ಕಾಯುವ ಸುರುಳಿ ತಂತಿಯ ಕಾಯಿಲು, ಮೇಲೆ ಬಟ್ಟೆ ತೂಗುಹಾಕುವ ಸಲಾಕೆ. ಆಫೀಸರರ ಮನೆಗಳ ಬಟ್ಟೆ ಒಗೆದು ಬದುಕುತ್ತಿದ್ದ ಸುಲ್ತಾನ್ ಬೀಗೆ ಮಳೆಗಾಲದಲ್ಲಿ ಅದಿಲ್ಲದೆ ನಡೆಯುತ್ತಿರಲಿಲ್ಲ. ಈಗ ಅದು ಎರಡು ದಿನಕ್ಕೊಮ್ಮೆ ಫ್ಯೂಸು ಸುಡುತ್ತಿತ್ತು.

“ಏನಾಗದೆ ಅಂತ್ಲೇ ಸಿಕ್ತಿಲ್ಲ ಕಣೇ. ನಾನ್ ಓದಾಗ ಚೆನ್ನಾಗೇ ಇರ್ತದೆ,” ಎಂದ ನಯಾಜ್, ಮನೆಗೆ ಬಂದು ಜೈನಾಬ್ ಹತ್ತಿರ.

“ನೀವ್ ಓದಾಗ ಚೆನ್ನಾಗೇ ಇರ್ತದೆ. ಅದ್ಕೇ ಕರೀತಾಳೆ.”

ಅವನ ಜೇಬಿನ ಕರ್ಚೀಫು ನೀಲಿ ಹಾಕಿ ಒಗೆದು ಮಡಿಸಿದಂತಿತ್ತು; ಅದು ಜೈನಾಬ್ ಒಗೆದದ್ದಲ್ಲ. ಜೈನಾಬ್ ಅದನ್ನು ತೆಗೆದು, ಸಾಬೂನು ಹಚ್ಚಿ, ಮತ್ತೊಮ್ಮೆ ತಾನೇ ಒಗೆದಳು.

ಮುಂದಿನ ಸಲ ಕರೆ ಬಂದಾಗ ಅವಳೂ ಬುರ್ಕಾ ಹಾಕಿಕೊಂಡು ಹೊರಟಳು. ನಯಾಜ್ ಬೇಡ ಎನ್ನಲಿಲ್ಲ. ಅವನು ಹೊಸ ಫ್ಯೂಸು ತಂತಿ ಕಟ್ಟಿ ಸ್ವಿಚ್ಚು ಒತ್ತಿದ. ಖಾಲಿ ಬೀರುವಿನಲ್ಲಿ ಕಾಯಿಲು ಕೆಂಪಗಾಯಿತು.

“ಬಟ್ಟೆ ಹಾಕಿ. ನಮ್ ಮುಂದೇನೇ ಹಾಕಿ,” ಎಂದಳು ಜೈನಾಬ್.

ಸುಲ್ತಾನ್ ಬೀ ಹಿಂದೆಮುಂದೆ ನೋಡಿದಳು. ಆಮೇಲೆ ಬಕೆಟ್ಟಿನಿಂದ ಒಂದು ದಪ್ಪ ದುಪ್ಪಟಿಯನ್ನು ಎಡಗೈಯಲ್ಲೇ ಎಳೆದು, ಹಿಂಡದೆ, ಸಲಾಕೆಯ ಮೇಲೆ ಹಾಕಿದಳು. ನೀರು ಧಾರೆಯಾಗಿ ಸುರಿಯಿತು. ಕಾಯಿಲು ಚುಂಯ್ ಎಂದಿತು. ಮೂಲೆಯಲ್ಲಿ ನೀಲಿ ಕಿಡಿ ಹಾರಿ ಫ್ಯೂಸು ಸುಟ್ಟುಹೋಯಿತು.

ನಯಾಜ್ ಮೇನು ಸ್ವಿಚ್ಚು ಆರಿಸಿ, ಬಗ್ಗಿ ಇಣುಕಿದ. “ಥತ್! ಇಲ್ಲಿ ಜಾಯಿಂಟ್ ಬುಟ್ಕೊಂಡದೆ. ನೀರ್ ಬಿದ್ರೆ ಕರೆಂಟು ತಗಡಿಗೆ ಒಡೀತದೆ. ನಾನ್ ಬರೋ ಒತ್ಗೆ ಎಲ್ಲಾ ಒಣಗಿರ್ತದೆ!”

ಜೈನಾಬ್ ಬೀರು ನೋಡುತ್ತಿರಲಿಲ್ಲ. ಸುಲ್ತಾನ್ ಬೀಯ ಸೆರಗಿನೊಳಗಿದ್ದ ಬಲಗೈಯನ್ನು ಹಿಡಿದೆಳೆದಳು. ಮಣಿಕಟ್ಟು ಬದನೆಕಾಯಿಯಂತೆ ಊದಿತ್ತು.

“ಒಗೆಯೋ ಕಲ್ಲಿನ್ ತಾವ ಜಾರ್ಬುಟ್ಟೆ, ಇಂಡಕ್ಕೇ ಆಯ್ತಿಲ್ಲ. ಗೊತ್ತಾದ್ರೆ ಬಟ್ಟೆ ಬೇರೆಯೋರ್ಗೆ ಕೊಟ್ಬುಡ್ತಾರೆ ಅಂತ ಯಾರ್ಗೂ ಯೋಳ್ನಿಲ್ಲ.”

ಜೈನಾಬ್ ಗಂಡನ ಮುಖ ನೋಡಿದಳು. ಅಲ್ಲಿ ಆಶ್ಚರ್ಯವೇ ಇರಲಿಲ್ಲ.

“ನಿಮ್ಗೆ ಗೊತ್ತಿತ್ತಾ?”

“ಕೈ ನೋವು ಅಂತ ಗೊತ್ತಿತ್ತು. ಯೋಳ್ಬ್ಯಾಡ ಅಂದಿದ್ಲು.”

ಅವರಿಬ್ಬರ ನಡುವೆ ತನಗೆ ಹೇಳದ ಮಾತೊಂದು ಇತ್ತು. ಕರ್ಚೀಫಿಗಿಂತ ಇದು ಹೆಚ್ಚು ಉರಿಯಿತು. ನಯಾಜ್ ಹಳೆಯ ಜಾಯಿಂಟನ್ನು ಕತ್ತರಿಸಿ, ತಗಡಿಗೆ ಕರೆಂಟು ತಾಗದಂತೆ ಹೊಸ ತಂತಿಗೆ ಪಿಂಗಾಣಿ ಮಣಿ ಪೋಣಿಸಿ, ಕಾಯಿಲಿನ ಮೇಲೆ ಓರೆಯಾಗಿ ತಗಡಿನ ಮರೆ ಕೂರಿಸಿದ. ಜೈನಾಬ್ ಆ ದುಪ್ಪಟಿಯನ್ನು ಅಂಗಳಕ್ಕೆ ಒಯ್ದು, ತೊಟ್ಟು ನೀರೂ ಉಳಿಯದಂತೆ ಹಿಂಡಿದಳು.

“ಕೈ ವಾಸಿ ಆಗೋಗಂಟ ನಾನ್ ಬಂದು ಇಂಡ್ಕೊಡ್ತೀನಿ. ಇವ್ರನ್ನ ಕರೀಬ್ಯಾಡಿ.”

ಸುಲ್ತಾನ್ ಬೀ ಅವಳನ್ನು ದಿಟ್ಟಿಸಿದಳು. “ನಿಂಗೆ ಬೇಕಾದ್ದು ಅಷ್ಟೇ ಅಲ್ವಾ?”

“ಔದು. ಅಷ್ಟೇ.”

ಆಮೇಲೆ ಫ್ಯೂಸು ಸುಡಲಿಲ್ಲ. ಜೈನಾಬ್ ದಿನಾ ಬೆಳಿಗ್ಗೆ ಹೋಗಿ ಹಿಂಡಿಕೊಟ್ಟು ಬರುತ್ತಿದ್ದಳು, ಮಾತು ಕಡಿಮೆ. ಒಂದು ದಿನ ಗುಡುಗಿದಾಗ ಸುಲ್ತಾನ್ ಬೀ ತನ್ನಷ್ಟಕ್ಕೆ ನಕ್ಕಳು. “ಚಿಕ್ಕೋನಿದ್ದಾಗ ನಯಾಜು ಗುಡುಗಿದ್ರೆ ಕಣಜದ್ ಹಿಂದೆ ಅವಿತ್ಕೊಳ್ಳೋನು.”

ಇಷ್ಟು ವರ್ಷ ಬಾಳಿದರೂ ಜೈನಾಬ್‌ಗೆ ಅದು ಗೊತ್ತಿರಲಿಲ್ಲ. ಕೈಲಿದ್ದ ಅಂಗಿಯನ್ನು ಬಕೆಟ್ಟಿಗೆ ಬಿಸಾಡಿ ಎದ್ದು ಹೋದಳು.

ಮರುದಿನ ಮತ್ತೆ ಬಂದಳು. ಸೆರಗು ಸಿಕ್ಕಿಸಿ ಕುಕ್ಕರಗಾಲಲ್ಲಿ ಕೂತು, ತಲೆಯೆತ್ತದೆ ಕೇಳಿದಳು: “ಇನ್ನೇನೇನ್ ಗೊತ್ತು ನಿಂಗೆ? ಎಲ್ಲಾ ಯೋಳು.”