ಕುದುರೆ ನುಂಗಿದ ತಿರುವು

ಅವನು ನನ್ನನ್ನು "ಅಕ್ಕ" ಅಂದ, ನಾನು ವಾಕಿಟಾಕಿಯನ್ನು ಅವನ ಕೈಗೆ ಕೊಟ್ಟೆ. ಆಮೇಲೆ ಇದನ್ನು ಪೊಲೀಸರಿಗೆ ಹೇಳಿದಾಗ ನಮ್ಮ ಬುಡಕಟ್ಟಿನ ಪೇದೆ ಸುಮ್ಮನೆ ತಲೆಯಾಡಿಸಿ ಬರೆದುಕೊಂಡ. ಜೊತೆಗಿದ್ದ ಬಿಳಿ ಅಧಿಕಾರಿಗೆ ಮಾತ್ರ ತಲೆಗೆ ಹೋಗಲಿಲ್ಲ. "ಅವನ ಗುರುತು ಮೊದಲೇ ಇತ್ತಾ ನಿಮಗೆ?" ಅಂತ ಮೂರು ಸಲ ಕೇಳಿದ. ಇರಲಿಲ್ಲ. ಆದರೂ ತಮ್ಮ.

ಏಪ್ರಿಲ್ ತಿಂಗಳು. ಬೆಟ್ಟದ ಹಿಮ ಕರಗಿ ಕಣಿವೆಯ ಹಳ್ಳದಲ್ಲಿ ಮೊಳಕಾಲುದ್ದ ನೀರು ಹರಿಯುತ್ತಿತ್ತು. ಬೆಳಿಗ್ಗೆ ಎಂಟಕ್ಕೆ ಕಣಿವೆಯ ಬಾಯಲ್ಲಿ ಕೂತು ಪಿಕಪ್ಪಿನ ಟೈರುಗಳ ಗಾಳಿ ಅರ್ಧಕ್ಕಿಳಿಸುತ್ತಿದ್ದೆ. ಕಣಿವೆ ನೋಡಲು ಬಂದವರನ್ನು ಒಳಗೆ ಸುತ್ತಿಸಿ ತರುವುದು ನನ್ನ ಕೆಲಸ; ಆವತ್ತು ಇಬ್ಬರೇ ಗಿರಾಕಿಗಳು. ಗ್ರೇಡಿ ಅನ್ನುವ ಬಿಳಿಯ, ಐವತ್ತು ದಾಟಿದವನು, ಹೊಸ ಬೂಟು, ಭಾರದ ಕ್ಯಾನ್ವಾಸ್ ಚೀಲ. ಚೀಲ ಒಳಗಿಟ್ಟಾಗ ಕಬ್ಬಿಣ ಖಣ್ ಅಂದಿತು. "ಕ್ಯಾಮೆರಾ ಸ್ಟ್ಯಾಂಡು," ಅಂದ. ಇನ್ನೊಬ್ಬ ನಮ್ಮವನು. ಮೂವತ್ತರ ಆಸುಪಾಸು, ಪಟ್ಟಣದ ಮೈ.

ನಮ್ಮಲ್ಲಿ ಹೆಸರಿಗಿಂತ ಮೊದಲು ಅಮ್ಮನ ಕುಲ, ಆಮೇಲೆ ಅಪ್ಪನದು ಹೇಳಬೇಕು; ಅಮ್ಮನ ಕುಲ ಒಂದೇ ಆದರೆ ಒಡಹುಟ್ಟಿದವರ ಲೆಕ್ಕ. ಹೇಳಿದೆ. "ನಾನು ಕಹಿನೀರಿನವಳು, ಉಪ್ಪಿನ ಕುಲದವರಿಗೆ ಹುಟ್ಟಿದವಳು. ವಿಲ್ಮಾ ಅಂತ."

ಅವನು ನೆಲ ನೋಡಿದ. "ನಾನೂ ಕಹಿನೀರಿನವನೇ. ಲೈಲ್."

"ಅಯ್ಯೋ, ನನ್ನ ತಮ್ಮ ಕಣೋ ನೀನು! ಎಲ್ಲಿದ್ದೆ ಇಷ್ಟು ದಿವಸ?"

"ಫೀನಿಕ್ಸಲ್ಲಿ, ಅಕ್ಕ."

"ಅದಕ್ಕೇ ಹೀಗೆ ಸೊರಗಿದೀಯ. ಕುರಿಮಾಂಸ ಕಂಡು ಎಷ್ಟು ವರ್ಷ ಆಯ್ತೋ! ಬಾ, ಮುಂದೆ ಕೂತ್ಕೊ. ಇದನ್ನ ಹಿಡ್ಕೊ."

ಕಣಿವೆಯೊಳಗೆ ಫೋನು ಕಲ್ಲಿಗೆ ಸಮ. ವಾಕಿಟಾಕಿಯನ್ನು ಗಿರಾಕಿಯ ಕೈಗೆ ಕೊಡಬಾರದು ಅನ್ನುವುದು ನಮ್ಮ ಚಾಲಕರಲ್ಲಿ ಕಟ್ಟುನಿಟ್ಟು. ಆದರೆ ತಮ್ಮ ಗಿರಾಕಿ ಹೇಗಾಗುತ್ತಾನೆ?

ನಾಲ್ಕೂ ಚಕ್ರಕ್ಕೆ ಗೇರು ಬೀಳಿಸಿ ಹಳ್ಳಕ್ಕಿಳಿದೆ. ಎರಡೂ ಕಡೆ ಕೆಂಪು ಗೋಡೆ ಏರುತ್ತಾ ಹೋಯಿತು, ಆಕಾಶ ಸಣ್ಣಗಾಯಿತು. ಇಲ್ಲಿ ಗಾಡಿ ಓಡಿಸುವುದಕ್ಕೆ ಇರುವುದು ಒಂದೇ ಪಾಠ, ನಮ್ಮಮ್ಮ ಕುದುರೆ ಗಾಡಿಯ ಕಾಲದಲ್ಲೇ ಹೇಳಿಕೊಟ್ಟದ್ದು. ಅಲೆಅಲೆಯಾಗಿ ಗೀರು ಬಿದ್ದ ಮರಳು ಗಟ್ಟಿ, ಕನ್ನಡಿ ಹಾಗೆ ನುಣ್ಣಗೆ ಹೊಳೆಯುವ ಮರಳು ನುಂಗುತ್ತದೆ. ಎಲ್ಲಿಯೂ ನಿಲ್ಲಬಾರದು, ಬ್ರೇಕು ಒತ್ತಬಾರದು. ನಿಂತವನು ಮುಳುಗಿದ.

ಮೂರನೇ ಸಲ ಹಳ್ಳ ದಾಟುವಾಗ ಕಿವಿಯ ಹಿಂದೆ ತಣ್ಣಗೆ ಏನೋ ತಾಗಿತು.

"ಮೇಡಂ," ಗ್ರೇಡಿ ಹಿಂದಿನ ಸೀಟಿನಿಂದ ಅಂದ, "ಎಲ್ಲರೂ ನೋಡೋ ಗುಹೆ ನಮಗೆ ಬೇಡ. ಪೀಚ್ ಮರಗಳಿವೆಯಲ್ಲ, ಅದರ ಮೇಲಿನ ಗುಹೆಗೆ ನಡೀರಿ."

ನಮಗಿಂತ ಮೊದಲು ಇಲ್ಲಿದ್ದ ಪುರಾತನರು ತಮ್ಮ ಸತ್ತವರನ್ನೂ ಮಡಕೆಗಳನ್ನೂ ಇಟ್ಟುಹೋದ ಜಾಗ ಅದು. ನಮ್ಮವರು ಅದರ ನೆರಳನ್ನೂ ತುಳಿಯುವುದಿಲ್ಲ. ಆ ಮಡಕೆಗಳನ್ನು ಅಗೆದು ಕದ್ದು ಮಾರಿದರೆ ಹೊರಗೆ ಭಾರಿ ದುಡ್ಡು. ಚೀಲದಲ್ಲಿದ್ದದ್ದು ಗುದ್ದಲಿ, ಸಲಾಕೆ.

ಲೈಲ್ ವಾಕಿಟಾಕಿಯನ್ನು ಜಾಕೆಟ್ಟಿನ ಒಳಜೇಬಿಗೆ ಹಾಕಿಕೊಂಡು ಜಿಪ್ಪು ಎಳೆದ. ಅವನೂ ಗ್ರೇಡಿಯ ಜೊತೆಯವನೇ ಅಂತ ಆಗ ಗೊತ್ತಾಯಿತು.

"ಆ ದಾರಿ ಕುಸಿದು ಮುಚ್ಚಿಹೋಗಿದೆ," ಅಂದೆ.

ಪಿಸ್ತೂಲಿನ ಹಿಡಿ ಮುಖಕ್ಕೆ ಬಿತ್ತು. ಮೂಗು ಒಳಗಡೆ ಒಣಗಿದ ಕಡ್ಡಿ ಹಾಗೆ ಮುರಿಯಿತು. ರಕ್ತ ಗಂಟಲಿಗಿಳಿದು ಕೆಮ್ಮಿದೆ, ಸ್ಟೇರಿಂಗ್ ಮೇಲೆಲ್ಲ ಕೆಂಪು ಹನಿ. ಕಾಲು ಮಾತ್ರ ಆಕ್ಸಿಲರೇಟರಿನಿಂದ ಎತ್ತಲಿಲ್ಲ. ಅಭ್ಯಾಸ.

"ಹೊಡೆಯಲ್ಲ ಅಂದಿದ್ರಲ್ಲ ನೀವು!" ಲೈಲ್ ಹಿಂದಕ್ಕೆ ತಿರುಗಿದ.

"ನಿನ್ನಕ್ಕ ಅಲ್ವಾ? ಒರೆಸು ಮೂಗು." ಗ್ರೇಡಿ ನಕ್ಕ. "ಅಲ್ಲಿ ಯಾರೂ ಇಲ್ಲ ಅಂತ ತಾನೇ ನೀನು ಹೇಳಿದ್ದು?"

"ಜೂನ್‌ವರೆಗೆ ಯಾರೂ ಬರಲ್ಲ ಅಂತ ಕೇಳಿದ್ದೆ."

"ಇದ್ರೆ ಅವರ ಗ್ರಹಚಾರ. ನೋಡಿದವರು ಯಾರೂ ಬಾಯಿ ಬಿಡಬಾರದು."

ಆ ಪೀಚ್ ಮರಗಳ ಕೆಳಗಿನ ಎಂಟುಮೂಲೆಯ ಮನೆಯಲ್ಲಿ ಅಮ್ಮ ಇದ್ದಳು. ಎಪ್ಪತ್ತಾರು ವರ್ಷ. ಮರಿ ಹಾಕುವ ಕುರಿಗಳಿವೆ ಅಂತ ಈ ವರ್ಷ ಕಣಿವೆಗೆ ಬೇಗ ಇಳಿದಿದ್ದಳು, ಜೊತೆಗೊಂದು ನಾಯಿ. ನನ್ನ ಗಾಡಿಯ ಸದ್ದು ಅವಳಿಗೆ ನನ್ನ ದನಿಗಿಂತ ಚೆನ್ನಾಗಿ ಗೊತ್ತು. ಕೇಳಿದ ಕೂಡಲೇ ಕಾಫಿಗಿಟ್ಟು ದಾರಿಗೆ ಬಂದು ನಿಲ್ಲುತ್ತಾಳೆ.

ಗಾಡಿ ಅಲ್ಲಿಗೆ ತಲುಪಬಾರದು. ಇನ್ನು ನಾಲ್ಕು ತಿರುವು. ಮೂರನೆಯದಕ್ಕೆ ನಾವು ಕುದುರೆ ನುಂಗಿದ ತಿರುವು ಅನ್ನುತ್ತೇವೆ. ಹೋದ ವರ್ಷದ ಹಿಂದಿನ ವರ್ಷ ನಮ್ಮ ಮಾವನ ಕಂದು ಕುದುರೆ ಅಲ್ಲಿ ಕುತ್ತಿಗೆವರೆಗೆ ಹೋಗಿತ್ತು. ದಾರಿ ಎಡಗಡೆ ಬಂಡೆಗೆ ಅಂಟಿಕೊಂಡು ಹೋಗುತ್ತದೆ. ಬಲಗಡೆ ಮರಳು ಆವತ್ತು ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು.

"ಒಳ್ಳೇ ಸಪಾಟಾಗಿದೆಯಲ್ಲ," ಅಂದ ಗ್ರೇಡಿ.

"ಹೌದು," ಅಂದೆ. ಬಲಕ್ಕೆ ತಿರುಗಿಸಿ, ನಡುಮಧ್ಯಕ್ಕೆ ಹೋಗಿ ಎರಡೂ ಕಾಲು ಕೊಟ್ಟು ಬ್ರೇಕು ತುಳಿದೆ. ಕೀಲಿ ಕಿತ್ತು ಕಿಟಕಿಯಿಂದ ನೀರಿಗೆಸೆದೆ.

ಗಾಡಿ ಹಸು ಮಲಗುವ ಹಾಗೆ ನಿಟ್ಟುಸಿರು ಬಿಟ್ಟು ಕೂತಿತು. ಗುಂಡು ನನ್ನ ಕಿವಿಯ ಪಕ್ಕದಲ್ಲೇ ಹಾದು ಮುಂದಿನ ಗಾಜು ಒಡೆಯಿತು. ಗ್ರೇಡಿ ನನ್ನ ಜಡೆ ಹಿಡಿದೆಳೆದ, ನಾನು ಅವನ ಬೆರಳು ಕಚ್ಚಿದೆ, ಮೂಳೆ ಸಿಗುವಷ್ಟು ಕಚ್ಚಿದೆ. ಬಾಗಿಲು ಒದ್ದು ಹೊರಗೆ ಬಿದ್ದು ಹೊಟ್ಟೆಯ ಮೇಲೆ ಮಲಗಿದೆ. ಮಲಗಿದವರನ್ನು ಆ ಮರಳು ಬೇಗ ಒಳಗೆಳೆಯುವುದಿಲ್ಲ. ಅವನಿಗೆ ಅದು ತಿಳಿಯದು. ಆ ಕಡೆಯಿಂದ ಎರಡೂ ಬೂಟು ಜೋಡಿಸಿ ಧುಮುಕಿದ. ಮೊಳಕಾಲು ಹೋಯಿತು. ಒದ್ದಾಡಿದ, ತೊಡೆ ಹೋಯಿತು.

"ಏನೇ ಇದು! ಏನ್ ಮಾಡ್ದೆ ನೀನು!"

ಬಾನೆಟ್ಟಿನ ಮೇಲೆ ಕೈಯೂರಿ ಮೂರು ಗುಂಡು ಹಾರಿಸಿದ. ಒಂದು ನನ್ನ ತೋಳಿನ ಮಾಂಸ ಕಿತ್ತುಕೊಂಡು ಹೋಯಿತು. ಉರುಳಿ ಹಿಂದಿನ ಚಕ್ರದ ಮರೆಗೆ ಹೋದೆ. ಲೈಲ್ ಗಾಡಿಯ ಛಾವಣಿ ಹತ್ತಿ ನಿಂತು ಎರಡೂ ಕೈ ಅಗಲಿಸಿದ್ದ, ಯಾರನ್ನು ತಡೆಯುತ್ತಿದ್ದಾನೆಂದು ಅವನಿಗೇ ಗೊತ್ತಿದ್ದ ಹಾಗಿರಲಿಲ್ಲ.

"ಹಿಡಿಯೋ ಅವಳ್ನ! ಇಲ್ದಿದ್ರೆ ಮುಂದಿನದು ನಿನಗೆ!"

"ವಾಕಿಟಾಕಿ ಎಸೆಯೋ," ನಾನು ನಮ್ಮ ಮಾತಲ್ಲಿ ಕೂಗಿದೆ. "ನಿಜವಾಗ್ಲೂ ಕಹಿನೀರಿನವನೇನೋ ನೀನು, ಇಲ್ಲ ಅದೂ ಸುಳ್ಳಾ?"

"ನಿಜ ಅಕ್ಕ," ಅಂದ. ಅಳುತ್ತಿದ್ದ. ಎಸೆಯಲಿಲ್ಲ.

ಅಷ್ಟರಲ್ಲಿ ನಾಯಿ ಬೊಗಳಿತು.

ಗಾಡಿಯನ್ನೇನೋ ನಿಲ್ಲಿಸಿದ್ದೆ. ಗುಂಡಿನ ಸದ್ದು ಎರಡು ಗೋಡೆಗೂ ಬಡಿದು ಮೇಲಕ್ಕೆ ಹೋಗುತ್ತದೆ ಅಂತ ನನಗೆ ಹೊಳೆದಿರಲಿಲ್ಲ. ಅಮ್ಮ ಬಂಡೆಯ ಮಗ್ಗುಲಿನ ದಾರಿಯಲ್ಲಿ ಬರುತ್ತಿದ್ದಳು, ಉದ್ದ ಲಂಗ ನೀರಿಗೆ ತಾಗಬಾರದೆಂದು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದರಲ್ಲಿ ಕುರಿ ಕೋಲು. ನಾಯಿ ಮುಂದೆ ನುಗ್ಗಿತು. ಗ್ರೇಡಿ ಅದಕ್ಕೆ ಹೊಡೆದ. ಅದು ಒಂದು ಸಲ ಕುಂಯ್ ಅಂದು ನೀರಿಗೆ ಬಿತ್ತು. ಆಮೇಲೆ ಪಿಸ್ತೂಲು ಅಮ್ಮನ ಕಡೆ ತಿರುಗಿತು.

"ಅಮ್ಮಾ, ಮಲಗು!"

ಅವಳು ಮಲಗಲಿಲ್ಲ. ಕಣ್ಣು ಸರಿಯಾಗಿ ಕಾಣುವುದಿಲ್ಲ, ಕೈ ಅಡ್ಡ ಹಿಡಿದು ಗಾಡಿಯ ಮೇಲೆ ನಿಂತವನನ್ನು ನೋಡಿದಳು. ಹೊಸಬರು ಸಿಕ್ಕರೆ ಎಲ್ಲಿದ್ದರೂ ಮೊದಲು ಕೇಳುವುದನ್ನೇ ಕೇಳಿದಳು.

"ಯಾವ ಕುಲದವನಪ್ಪಾ ನೀನು?"

ಲೈಲನ ಬಾಯಿ ತಾನಾಗಿ ತೆರೆಯಿತು. "ಕಹಿನೀರು."

"ಹಾಗಾದ್ರೆ ನನ್ನ ಮಗ." ನಮ್ಮಲ್ಲಿ ಬೆರಳು ತೋರಿಸುವುದಿಲ್ಲ; ತುಟಿ ಮುಂದೆ ಮಾಡಿ ಗ್ರೇಡಿಯನ್ನು ತೋರಿಸಿದಳು. "ಅವನು ನಿನ್ನಮ್ಮನಿಗೆ ಗುರಿ ಹಿಡಿದಿದ್ದಾನೆ. ಕಿತ್ಕೋ ಅದನ್ನ."

ಅವನು ಹಾರಿದ. ಗಾಡಿಯಿಂದ ನೇರ ಗ್ರೇಡಿಯ ಬೆನ್ನಿನ ಮೇಲೆ. ಪಿಸ್ತೂಲು ಲೈಲನ ಅಂಗೈಯೊಳಗೇ ಸಿಡಿಯಿತು, ಎರಡು ಬೆರಳು ಎಲ್ಲಿ ಹೋದವೋ ಆಮೇಲೂ ಸಿಗಲಿಲ್ಲ. ಉಳಿದ ಕೈಯಿಂದ ಗ್ರೇಡಿಯ ತಲೆಗೂದಲು ಹಿಡಿದು ಮುಖವನ್ನು ಒದ್ದೆ ಮರಳಿಗೆ ಒತ್ತಿದ. ಒತ್ತಿಯೇ ಹಿಡಿದ. ಗ್ರೇಡಿಯ ಕೈಗಳು ಮರಳನ್ನು ಬಡಿದವು, ಕೆರೆದವು, ನಿಧಾನವಾದವು. ಕಿವಿಯ ಪಕ್ಕ ಗುಳ್ಳೆ ಏಳುತ್ತಿತ್ತು.

ನಾನು ಹತ್ತು ಅಡಿ ದೂರದಲ್ಲಿದ್ದೆ. ತೋಳಿಗೆ ಗಾಯವಾಗಿತ್ತು, ಏಳಲಾಗಲಿಲ್ಲ ಅಂತ ಪೊಲೀಸರಿಗೆ ಹೇಳಿದ್ದೇನೆ. ಏಳಬಹುದಿತ್ತು.

"ಸಾಕು ಬಿಡೋ ಮಗನೇ," ಅಮ್ಮ ಅಂದಳು. "ಇಲ್ಲಿ ಹೆಣ ಬೀಳಿಸ್ಬೇಡ. ನಾನು ದಿನಾ ಕುರಿ ಹೊಡ್ಕೊಂಡು ಹೋಗೋ ದಾರಿ ಇದು."

ಅವನು ಬಿಟ್ಟ.

ಕಂಕುಳಿಗೆ ಹಗ್ಗ ಹಾಕಿ ಗ್ರೇಡಿಯನ್ನು ಎಳೆದೆವು. ಮರಳನ್ನು ವಾಂತಿ ಮಾಡಿಕೊಳ್ಳುತ್ತಾ ಬಂದ, ಹೊಸ ಬೂಟು ಒಳಗೇ ಉಳಿಯಿತು. ಲೈಲ್ ಹಲ್ಲಿನಿಂದ ಜಿಪ್ಪು ಎಳೆದು ವಾಕಿಟಾಕಿ ತೆಗೆದುಕೊಟ್ಟ. ರಕ್ತ ಹತ್ತಿ ಅದು ಪೂರಾ ಅಂಟಂಟು. ಒರೆಸಿ, ಸಹಾಯಕ್ಕೆ ಕರೆದೆ.

ಗಾಡಿ ಮೇಲಕ್ಕೆ ಬರಲು ಎರಡು ದಿವಸ ಹಿಡಿಯಿತು. ಈಗಲೂ ಅದನ್ನೇ ಓಡಿಸುತ್ತೇನೆ. ಗ್ರೇಡಿಯನ್ನು ಯಾವ ಜೈಲಿಗೆ ಹಾಕಿದರೆಂದು ನಾನು ವಿಚಾರಿಸಿಲ್ಲ. ಲೈಲ್ ಇರುವ ಜೈಲು ಮೂರು ಗಂಟೆ ದಾರಿ. ತಿಂಗಳಿಗೊಮ್ಮೆ ಅಮ್ಮ ಮುಖ ತೊಳೆದು, ಹಸಿರು ಕಲ್ಲಿನ ಸರ ಹಾಕಿಕೊಂಡು ಬಂದು ನಿಲ್ಲುತ್ತಾಳೆ.

"ನಿನ್ನ ತಮ್ಮನ್ನ ನೋಡ್ಕೊಂಡು ಬರೋಣ ನಡಿ."

"ಅವನು ನನ್ನ ತಮ್ಮ ಅಲ್ಲ."

"ಆಯ್ತು, ನನ್ನ ಮಗ. ಗಾಡಿ ತೆಗಿ."

ಕರೆದುಕೊಂಡು ಹೋಗುತ್ತೇನೆ. ಅವಳು ಒಳಗೆ ಹೋಗುತ್ತಾಳೆ, ನಾನು ಹೊರಗೆ ಗಾಡಿಯಲ್ಲೇ ಕೂತಿರುತ್ತೇನೆ. ಹೋದ ಸಲ ವಾಪಸು ಬಂದು ಬಾಗಿಲು ಹಾಕಿಕೊಂಡು, "ನಿನ್ನ ಮೂಗು ಹೇಗಿದೆ ಅಂತ ಕೇಳ್ದ," ಅಂದಳು.

"ನೀನೇನಂದೆ?"

"ಸೊಟ್ಟ ಅಂದೆ."

ಗಾಡಿ ಸ್ಟಾರ್ಟ್ ಮಾಡಿದೆ.