ಏಳು ಹೆಸರಿನ ಓದುಗ

"ಈ ಮೂಲಕ ಸಕಲರಿಗೂ ತಿಳಿಯಪಡಿಸುವುದೇನೆಂದರೆ," ಎಂದು ವಿಶ್ವವಿದ್ಯಾಲಯದ ಇತಿಹಾಸ ವಿಭಾಗದ ಮುಖ್ಯಸ್ಥ ಮಿಲೂದ್, ಸಾವಿನ ಮನೆಯ ಅಂಗಳದಲ್ಲಿ ನಿಂತು ಓದುತ್ತಿದ್ದರು, "ನಮ್ಮ ಪ್ರಿಯ ಸಹೋದ್ಯೋಗಿ ಲಖ್ದರ್ ಬೆನೂನಾ ಅವರ ಗೌರವಾರ್ಥ ವಿಭಾಗದ ಕಾಫಿ ಕೆಟಲನ್ನು ಇಂದು ಸಂಜೆಯವರೆಗೆ ಕಾಯಿಸತಕ್ಕದ್ದಲ್ಲ."

ಕೆಟಲಿನ ಚಿಂತೆ ಯಾರಿಗೂ ಇರಲಿಲ್ಲ. ಮೂರು ಗಂಟೆಗೆ ಅಲ್ಜೀರ್ಸ್‌ನಿಂದ ತಪಾಸಣೆಯವರು ಬರುತ್ತಿದ್ದರು. 'ಡಿಜಿಟಲ್ ಗ್ರಂಥಾಲಯವನ್ನು ದಿನವೂ ಬಳಸುತ್ತೇನೆ' ಎಂದು ಸಹಿ ಹಾಕಿದವರೆಲ್ಲ ಅವರೆದುರು ಅದನ್ನು ತೆರೆದು ತೋರಿಸಬೇಕು. ಸುಳ್ಳೆಂದಾದರೆ ಕೆಲಸ ಹೋಗುತ್ತದೆ. ಸಹಿ ಹಾಕಿದವರು ಏಳು ಜನ. ತೆರೆಯಲು ಬರುತ್ತಿದ್ದದ್ದು ಒಬ್ಬರಿಗೆ. ಅವರು ಒಳಕೋಣೆಯಲ್ಲಿ ಬಿಳಿಬಟ್ಟೆ ಸುತ್ತಿಕೊಂಡು ಮಲಗಿದ್ದರು.

ಹೆಂಗಸರ ಕೋಣೆಯ ಕಿಟಕಿಗೆ ನೂರಿಯಾ ಬಂದಳು. ಅವಳೂ ಆ ಏಳರಲ್ಲೊಬ್ಬಳು.

"ಮೇಷ್ಟ್ರೇ, ಮೂರು ಗಂಟೆಗೆ ಏನ್ಮಾಡೋದು?"

"ಗಾಬರಿಯಾಗ್ಬೇಡ. ಪಾಸ್‌ವರ್ಡ್ ಬರೆದ ಪುಸ್ತಕ ಲಖ್ದರ್ ಹೆಂಡ್ತಿ ಹತ್ರ ಇದೆಯಂತೆ. ಕೇಳಮ್ಮ."

"ಈಗ್ಲಾ? ಹೆಣ ಇನ್ನೂ ಮನೇಲಿದೆ!"

"ಮೂರಕ್ಕೆ ನಮ್ಮದೂ ಬೀಳುತ್ತೆ."

*

ಹನ್ನೊಂದು ವರ್ಷದ ಹಿಂದೆ, ಗ್ರಂಥಾಲಯದ ತರಬೇತಿ ಬಿದ್ದದ್ದು ರಮ್ಜಾನಿನ ಮೊದಲ ಉಪವಾಸದ ದಿನ. "ನೀವೆಲ್ಲ ಮನೆಗೆ ಹೋಗಿ. ನಾನೊಬ್ಬ ಕಲಿತ್ರೆ ಸಾಲ್ದಾ?" ಎಂದರು ಲಖ್ದರ್. ಸಾಕಾಯಿತು. ಏಳೂ ಖಾತೆ ಅವರೇ ತೆರೆದರು. ತಿಂಗಳಿಗೊಮ್ಮೆಯಾದರೂ ಓದದಿದ್ದರೆ ಖಾತೆ ಮುಚ್ಚುತ್ತದೆಂಬ ನಿಯಮವಿತ್ತು. ಹಾಗಾಗಿ ಪ್ರತಿ ಗುರುವಾರ ಎಲ್ಲರ ಹೆಸರಿನಲ್ಲೂ ಅವರೇ ಕೂತು ಓದಿದರು. ಮಿಲೂದ್ ಆಗಿ ತುರ್ಕರ ತೆರಿಗೆ, ನೂರಿಯಾ ಆಗಿ ಸಹಾರಾದ ಬಾವಿಗಳು.

"ನಿನ್ನೆ ನೀನಾಗಿ ಎರಡು ಲೇಖನ ಓದಿದೆ ಕಣಮ್ಮ," ಎನ್ನುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದ ಪ್ರತಿಗಳನ್ನು ನೂರಿಯಾಗೆ ಕೊಡುತ್ತಿದ್ದರು. "ಬಲು ಜಾಣೆ ನೀನು."

ಲಖ್ದರ್ ತಮ್ಮ ಸ್ವಂತ ಹೆಸರಿನಲ್ಲಿ ಏನು ಓದುತ್ತಿದ್ದರೆಂದು ಯಾರೂ ಕೇಳಿರಲಿಲ್ಲ.

*

"ತಗೋ," ಎಂದು ಲಖ್ದರ್ ಅವರ ಹೆಂಡತಿ ಜುಲೈಖಾ ನೂರಿಯಾಗೆ ಪುಸ್ತಕ ಕೊಟ್ಟರು. "ಜ್ವರದಲ್ಲೂ ಅದೇ ಜಪ. ಆರು ಮಕ್ಕಳ ಹೋಂವರ್ಕ್ ಬಾಕಿ ಇದೆ ಅಂತ."

ನೂರಿಯಾ ಕುಸ್ಕುಸ್ ತಟ್ಟೆ ಸರಿಸಿ ತನ್ನ ಫೋನಿನಲ್ಲಿ ಪಾಸ್‌ವರ್ಡ್ ಒತ್ತಿದಳು. ಒಪ್ಪಿತು! ಉಳಿದವರದನ್ನು ಕಿಟಕಿಯಿಂದಲೇ ಓದಿ ಹೇಳಿದಳು. ಅಂಗಳದಲ್ಲಿ ದುಃಖ ಸ್ವಲ್ಪ ಇಳಿಯಿತು.

ಆಗ ಅವಳ ಪರದೆಯ ಮೇಲೆ ಹೊಸ ಸಾಲು ಮೂಡಿತು: 'ಇದು ಹೊಸ ಫೋನ್. ನೋಂದಾಯಿಸಿದ ನಂಬರಿಗೆ ಕಳಿಸಿರುವ ಗುಪ್ತ ಸಂಖ್ಯೆ ಕೊಡಿ.'

"ಯಾರ ನಂಬರು?" ಮಿಲೂದ್ ಕೇಳಿದರು.

"ಎಲ್ಲಾರ್ದೂ ಅವರದೇ."

ಜುಲೈಖಾ ಗಂಡನ ಫೋನ್ ತಂದುಕೊಟ್ಟರು. 'ಓದಲು ಬೆರಳಿಡಿ' ಎಂದಿತ್ತು.

"ಅಕ್ಕಾ, ಬೀಗದ ನಂಬರು ಗೊತ್ತಾ?"

"ಅದು ಅವರ ತಲೇಲಿತ್ತು."

ಮಿಲೂದ್ ಒಳಕೋಣೆಯತ್ತ ನೋಡಿದರು. ನೂರಿಯಾಳೂ ನೋಡಿದಳು. ಬಿಳಿಬಟ್ಟೆಗೆ ಗಂಟು ಬಿದ್ದಾಗಿತ್ತು.

"ಹಾಗೆ ನೋಡ್ಬೇಡಿ ಮೇಷ್ಟ್ರೇ, ಭಯ ಆಗುತ್ತೆ."

"ನಾನೆಲ್ಲಿ ನೋಡ್ದೆ? ನೋಡಿದ್ದು ನೀನು!"

ಹೆಣ ಹೊತ್ತ ಜನಾಜಾ ಎದ್ದಿತು. ಹೆಗಲು ಕೊಟ್ಟ ಅಧ್ಯಾಪಕರಲ್ಲಿ ಇಬ್ಬರ ಇನ್ನೊಂದು ಕೈಯಲ್ಲಿ ಫೋನಿತ್ತು. ಗುಪ್ತ ಸಂಖ್ಯೆಯ ವಿಷಯ ತಿಳಿಯದ ಅವರು ಹೆಬ್ಬೆರಳಲ್ಲಿ ತಮ್ಮ ಪಾಸ್‌ವರ್ಡ್ ಒತ್ತುತ್ತ ಬಾಗಿಲು ದಾಟಿದರು. ನೂರಿಯಾಳ ಅಂಗೈಯಲ್ಲಿ ಲಖ್ದರ್ ಅವರ ಫೋನ್ ಒಮ್ಮೆ ನಡುಗಿ ಬೆಳಗಿತು. ಆರಿತು. ಮತ್ತೊಮ್ಮೆ ಬೆಳಗಿತು. ಎರಡು ಸಲವೂ ಅದೇ ಸಾಲು: ಓದಲು ಬೆರಳಿಡಿ.