ದುರುಗಮ್ಮನ ಸಂಬಳ

ನಾನು ಒಂದು ಇದ್ದಿಲ ಒಲೆ. ಓದಿದವರು ನನ್ನನ್ನು ಗ್ರಿಲ್ ಎನ್ನುತ್ತಾರೆ, ಇನ್ನೂ ಹೆಚ್ಚು ಓದಿದವರು ಸ್ಮೋಕರ್ ಎನ್ನುತ್ತಾರೆ. ಒಲೆ ಎಂದರೆ ನನಗೇನೂ ಅವಮಾನವಿಲ್ಲ. ಹೊಸಪೇಟೆಯ ಹೊರಗೆ, ಲಾರಿಗಳು ನಿಲ್ಲುವ ಬಯಲಿನ ಪಕ್ಕ, ಖಾದರ್‌ಸಾಬರ ವೆಲ್ಡಿಂಗ್ ಶೆಡ್ಡಿನಲ್ಲಿ ನಾನು ಹುಟ್ಟಿದೆ. ಅದಕ್ಕೂ ಮೊದಲು ಶೇಂಗಾ ಎಣ್ಣೆ ತುಂಬುವ ಡ್ರಮ್ಮಾಗಿದ್ದೆ. ಶೆಡ್ಡಿನ ಹಿಂದೆ ಡಾಂಬರಿನ ಡ್ರಮ್ಮುಗಳು, ಗದ್ದೆಗೆ ಹೊಡೆಯುವ ಔಷಧದ ಡ್ರಮ್ಮುಗಳು ಎಷ್ಟೋ ಬಿದ್ದಿದ್ದವು. ಖಾದರ್‌ಸಾಬರು ಅವನ್ನು ಕಾಲಿನಿಂದಲೂ ಮುಟ್ಟಲಿಲ್ಲ. ಊಟದ ಒಲೆಗೆ ಊಟದ ಎಣ್ಣೆ ಕುಡಿದ ಡ್ರಮ್ಮೇ ಆಗಬೇಕು ಎಂಬುದು ಅವರ ಹಟ.

ನನ್ನನ್ನು ಅಡ್ಡ ಮಲಗಿಸಿ ಉದ್ದಕ್ಕೆ ಕೊಯ್ದರು. ಮೇಲಿನ ಅರ್ಧ ಮುಚ್ಚಳವಾಯಿತು, ಕೆಳಗಿನ ಅರ್ಧ ಹೊಟ್ಟೆಯಾಯಿತು. ಕೆಳಗೆ ಗಾಲಿಯಿರುವ ನಾಲ್ಕು ಕಾಲು, ಹೊಟ್ಟೆಗೆ ಜಾಲರಿ, ಒಂದು ತುದಿಗೆ ಹೊಗೆಕೊಳವೆ, ಇನ್ನೊಂದು ತುದಿಗೆ ಪುಟ್ಟ ಬೆಂಕಿಗೂಡು, ಅದರ ಬಾಯಿಗೆ ಸರಿಸಿ ಮುಚ್ಚುವ ಗಾಳಿಕಿಂಡಿ. ಬೆಂಕಿ ಗೂಡಿನಲ್ಲಿ, ಮೀನು ಮಾಂಸ ಹೊಟ್ಟೆಯಲ್ಲಿ. ನಡುವೆ ಹೊಗೆಯೊಂದೇ ಓಡಾಡಬೇಕು. ಇಷ್ಟು ಅರ್ಥವಾದವನಿಗೆ ನಾನು ಅರ್ಥವಾದಂತೆ. ಇದು ಬಹಳ ಜನಕ್ಕೆ ಆಗುವುದಿಲ್ಲ.

ಹುಲುಗಪ್ಪನಿಗಂತೂ ಆಗಲೇ ಇಲ್ಲ. ಅವನು ಕಾಲೇಜೊಂದರ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾದವನು. ಊರು ಅವನನ್ನು ಸಾಹೇಬರೇ ಎನ್ನುತ್ತಿತ್ತು. ನಾನು ಅವನು ಎಂದೇ ಹೇಳುತ್ತೇನೆ.

ಶೆಡ್ಡಿಗೆ ಬಂದವನು ಮೊಬೈಲಿನಲ್ಲಿದ್ದ ಒಂದು ಚಿತ್ರವನ್ನು ಖಾದರ್‌ಸಾಬರ ಮೂಗಿಗೆ ಹಿಡಿದ. ಅದರಲ್ಲಿ ಕೆಂಪಗೆ ಮಿಂಚುವ ಪರದೇಶದ ಒಲೆಯೊಂದು ಹುಲ್ಲಿನ ಮೇಲೆ ನಿಂತಿತ್ತು.

"ಇದಕ್ಕ ಒಳಗೂ ಹೊರಗೂ ಕೆಂಪು ಬಣ್ಣ ಹೊಡೀರಿ. ಜಾಲರಿ ತಗಡಿನಂಗ ಬೆಳ್ಳಗ ಹೊಳೀಬೇಕು."

"ಒಳಗ ಬಣ್ಣ ಹೊಡದ್ರ ನೀವು ಬಣ್ಣಾನ ತಿಂತೀರಿ ಸಾಹೇಬ್ರ. ಹೊಳೆಯೋ ಜಾಲರಿಗೆ ಸತುವಿನ ಲೇಪ ಇರ್ತೈತಿ, ಕಾದ್ರ ಅದು ವಿಷ. ಕರೇ ಕಬ್ಬಿಣಾನ ಇರ್ಲಿ."

"ನೋಡಾಕ ಚಂದ ಇರಬೇಕಲ್ರಿ."

ಮುಚ್ಚಳ ಸರಿಯಾಗಿ ಕೂರುತ್ತದೆಯೋ, ಗಾಳಿಕಿಂಡಿ ಬಿಗಿಯಾಗಿದೆಯೋ, ಯಾವುದನ್ನೂ ಅವನು ನೋಡಲಿಲ್ಲ. ಗಾಲಿಗಳಿಗೆ ಬೆಳ್ಳಿಬಣ್ಣ ಬಳಿಯಬಹುದೇ ಎಂದು ಎರಡು ಸಲ ಕೇಳಿದ.

ಹೊರಗೆ ಆಟೋದಲ್ಲಿ ಒಬ್ಬ ಮುದುಕಿ ಕುಳಿತಿದ್ದಳು. ಅವನ ಅಕ್ಕ ದುರುಗಮ್ಮ. ಕಣ್ಣಿಗೆ ಪೊರೆ ಬಂದು ಆಸ್ಪತ್ರೆಗೆ ತೋರಿಸಲು ಹೊರಟವಳನ್ನು ಅವನು ದಾರಿಯಲ್ಲಿ ಇಲ್ಲಿ ತಂದು ನಿಲ್ಲಿಸಿದ್ದ. ಆಕೆ ಮೆಲ್ಲಗೆ ಇಳಿದು ಬಂದು ನನ್ನನ್ನು ಕೈಯಿಂದ ತಡವಿದಳು. ಮುಚ್ಚಳ ಎತ್ತಿ ಇಳಿಸಿದಳು. ಅಂಚಿನ ಉದ್ದಕ್ಕೂ ಬೆರಳು ಆಡಿಸಿ ಒಂದು ಕಡೆ ನಿಲ್ಲಿಸಿದಳು.

"ಇಲ್ಲೊಂದಿಷ್ಟು ಸಂದು ಐತಿ ನೋಡ್ರಿ ಸಾಬ್ರ. ಹೊಗಿ ಇಲ್ಲೇ ಹೊರಗ ಹೋಕ್ಕತಿ."

ಖಾದರ್‌ಸಾಬರು ಬಗ್ಗಿ ನೋಡಿದರು. ಸಂದು ಇತ್ತು. ಅವರು ಸುತ್ತಿಗೆ ಎತ್ತಿಕೊಂಡರು.

"ಅಕ್ಕಾ, ನಿನಗೇನು ತಿಳೀತೈತಿ ಇದ್ರಾಗ? ಹೋಗಿ ಕುಂದ್ರು," ಎಂದ ಹುಲುಗಪ್ಪ.

ಸುಮಾರು ಮೂರು ಅಡಿ ಎತ್ತರದಿಂದ ಮನುಷ್ಯರ ಮುಖ ನೋಡುವವನು ನಾನು. ಅವನ ಮುಖದಲ್ಲಿ ಆಗ ಕಂಡದ್ದು ಸಿಟ್ಟಲ್ಲ, ಗಾಬರಿ. ಆ ಗಾಬರಿ ಯಾತಕ್ಕೆಂದು ಮುಂದೆ ತಿಳಿಯಿತು.

ನನ್ನನ್ನು ಹೊಸ ಬಡಾವಣೆಯ ಅವನ ಮನೆಯ ತಾರಸಿಗೆ ಏರಿಸಿದರು. ಮೊದಲ ಸಲ ಬರಿಯ ಇದ್ದಿಲು ಹಾಕಿ ಎರಡು ತಾಸು ಖಾಲಿ ಉರಿಸಿ, ಒಳಗೆ ಶೇಂಗಾ ಎಣ್ಣೆ ಸವರಿ, ಆಮೇಲೆ ಅಡುಗೆ ಮಾಡಿ ಎಂದು ಖಾದರ್‌ಸಾಬರು ಹೇಳಿ ಕಳಿಸಿದ್ದರು. ಅವನು ಮೊಬೈಲು ನೋಡುತ್ತ ತಲೆಯಾಡಿಸಿದ್ದ. ಮನೆಗೆ ತಂದ ಮರುದಿನವೇ ಎರಡು ಕೋಳಿ ತರಿಸಿದ. ಎದೆಯ ಮೇಲೆ ಹೂವಿನ ಚಿತ್ರವಿದ್ದ ಏಪ್ರನ್ ಕಟ್ಟಿಕೊಂಡ. ಮೊಬೈಲನ್ನು ಗೋಡೆಗೆ ಒರಗಿಸಿ, ತಾನು ಮಾಡುವುದು ತನಗೇ ಕಾಣುವಂತೆ ಇಟ್ಟುಕೊಂಡ. ಇದ್ದಿಲು ಬೇಗ ಹೊತ್ತಲಿಲ್ಲವೆಂದು ಮೇಲೆ ಸೀಮೆಎಣ್ಣೆ ಸುರಿದ.

ಸೀಮೆಎಣ್ಣೆ! ಬಳ್ಳಾರಿ ಜಾಲಿಯ ಇದ್ದಿಲು ಅದು. ಒಂದು ತೆಂಗಿನ ಚಿಪ್ಪು ಕೆಳಗಿಟ್ಟು ಕಾಲು ತಾಸು ಸುಮ್ಮನಿದ್ದರೆ ತಾನಾಗಿಯೇ ಕೆಂಡವಾಗಿ ಮೇಲೆ ಬೂದಿ ಹೊದ್ದುಕೊಳ್ಳುವ ಇದ್ದಿಲು. ಆ ಕಾಲು ತಾಸು ಅವನಲ್ಲಿ ಇರಲಿಲ್ಲ. ಉರಿ ಎದ್ದು ಕುಣಿಯುತ್ತಿರುವಾಗಲೇ ಕೋಳಿ ಇಟ್ಟ. ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ಇಣುಕಿದ. ಅಷ್ಟು ಸಲ ಬಾಗಿಲು ತೆಗೆದರೆ ಯಾವ ಮನೆಯಲ್ಲಿ ಬಿಸಿ ನಿಲ್ಲುತ್ತದೆ? ಕೋಳಿ ಹೊರಗೆ ಕರಕಲಾಯಿತು, ಮೂಳೆಯ ಹತ್ತಿರ ಹಸಿ ರಕ್ತ ಉಳಿಯಿತು. ಅವನ ಹೆಂಡತಿ ಸುಮಂಗಲ ಒಂದು ತುತ್ತು ಬಾಯಿಗಿಟ್ಟು ನೀರು ಕುಡಿದಳು.

"ಇದ್ದಿಲು ಸರಿ ಇಲ್ಲ," ಎಂದ ಅವನು. ಸ್ವಲ್ಪ ಹೊತ್ತಿನ ಮೇಲೆ, "ಸಾಬ ಮೋಸ ಮಾಡ್ಯಾನ," ಎಂದ. ಏಪ್ರನ್ ಕಟ್ಟಿಕೊಂಡವನ ತಪ್ಪು ಎಂಬ ಯೋಚನೆ ಆ ತಾರಸಿಗೆ ಬರಲೇ ಇಲ್ಲ. ನನ್ನೊಳಗೆ ವಾರಗಟ್ಟಲೆ ಸೀಮೆಎಣ್ಣೆ ವಾಸನೆ ಉಳಿಯಿತು. ಒಬ್ಬ ಮನುಷ್ಯನನ್ನು ಅಸಹ್ಯಪಡುವುದು ಹೇಗೆಂದು ನಾನು ಆ ದಿನಗಳಲ್ಲಿ ಕಲಿತೆ.

ಒಂದು ಮಧ್ಯಾಹ್ನ ಗಂಡ ಹೆಂಡತಿ ಇಬ್ಬರೂ ಒಂದು ಮದುವೆಗೆ ಹೋಗಿದ್ದಾಗ ದುರುಗಮ್ಮ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು. ನನ್ನನ್ನು ಬೂದಿ ಹಾಕಿ ತಿಕ್ಕಿದಳು. ಖಾಲಿ ಉರಿಸಿದಳು. ಹಳೆಯ ಸೀರೆಯ ಚೂರಿನಿಂದ ಎಣ್ಣೆ ಸವರಿದಳು. ನಾನು ಹುಟ್ಟಿದ್ದು ನಿಜವಾಗಿ ಆ ದಿನ. ನಂತರ, ಬೆಳಗ್ಗೆಯೇ ಉಪ್ಪುನೀರಿನಲ್ಲಿ ನೆನೆಸಿ ಗಾಳಿಗೆ ಆರಿಸಿದ್ದ ಒಂದು ಕಟ್ಲಾ ಮೀನನ್ನು ಒಳಗಿಟ್ಟಳು. ಗೂಡಿನಲ್ಲಿ ಒಂದು ಹಿಡಿ ಕೆಂಡ, ಅದರ ಮೇಲೆ ಎರಡು ಚಕ್ಕೆ ಹುಣಸೆ ಕಟ್ಟಿಗೆ. ಮುಚ್ಚಳ ಹಾಕಿ, ಪಕ್ಕದಲ್ಲಿ ಕೂತು, ಮೂರು ತಾಸು ಅದನ್ನು ತೆಗೆಯಲಿಲ್ಲ. ಕಣ್ಣು ಕಾಣದವಳಿಗೆ ಇಣುಕುವ ಚಟ ಇರುವುದಿಲ್ಲ. ಹೊಗೆಯ ವಾಸನೆ ಹಿಡಿದೇ ಕಿಂಡಿಯನ್ನು ಇಷ್ಟು ಸರಿಸುತ್ತಿದ್ದಳು, ಅಷ್ಟು ಮುಚ್ಚುತ್ತಿದ್ದಳು.

ಆಕೆ ಒಬ್ಬಳೇ ಮಾತಾಡಿಕೊಳ್ಳುವ ಹೆಂಗಸು. ಹಾಗಾಗಿ ನನಗೆ ಎಲ್ಲವೂ ತಿಳಿಯಿತು. ಇವರ ತಂದೆ ತುಂಗಭದ್ರೆಯ ಹಿನ್ನೀರಿನ ದಡದಲ್ಲಿ, ಮೀನುಗಾರರ ಕ್ಯಾಂಪಿನಲ್ಲಿದ್ದು ಮೀನು ಹಿಡಿಯುತ್ತಿದ್ದವನು. ತಾಯಿ ತೀರಿಕೊಂಡಾಗ ದುರುಗಮ್ಮನಿಗೆ ಹದಿನಾಲ್ಕು, ಹುಲುಗಪ್ಪನಿಗೆ ನಾಲ್ಕು. ಮಾರಿ ಉಳಿದ ಮೀನನ್ನು ಆಕೆ ಮಣ್ಣಿನ ಗೂಡಿನಲ್ಲಿ ಹೊಗೆಗೆ ಇಟ್ಟು, ಬುಟ್ಟಿಯಲ್ಲಿ ಹೊತ್ತು ಸಂತೆಗೆ ಒಯ್ಯುತ್ತಿದ್ದಳು. ಸೂಪರಿಂಟೆಂಡೆಂಟರ ಓದು, ಅಂಗಿ, ಚಪ್ಪಲಿ ಎಲ್ಲವೂ ಆ ಬುಟ್ಟಿಯಿಂದ ಬಂದವು. ಗಂಡ ಸತ್ತ ಮೇಲೆ ಹನ್ನೊಂದು ವರ್ಷದಿಂದ ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿದ್ದಳು. ಬಡಾವಣೆಯಲ್ಲಿ ಯಾರಿಗೂ ಮೀನಿನ ಕ್ಯಾಂಪಿನ ಸುದ್ದಿ ಗೊತ್ತಿರಲಿಲ್ಲ. ಗೊತ್ತಾಗದಂತೆ ನೋಡಿಕೊಳ್ಳುವುದೇ ಅವನ ನಿವೃತ್ತಿಯ ನಂತರದ ಉದ್ಯೋಗವಾಗಿತ್ತು.

ಮದುವೆಯಿಂದ ಬಂದವನು ವಾಸನೆ ಹಿಡಿದು ನೇರ ತಾರಸಿಗೆ ಹತ್ತಿದ.

"ಏನಿದು ಅಕ್ಕಾ? ಓಣಿಗೆಲ್ಲಾ ಕ್ಯಾಂಪಿನ ವಾಸನಿ ಹೊಂಟೈತಿ."

"ಒಂಚೂರು ತಿಂದು ನೋಡು."

ತಿಂದ. ನಿಂತಲ್ಲೇ ಅರ್ಧ ಮೀನು ತಿಂದ. ಮೂರು ಸಲ ಸಾಬೂನು ಹಚ್ಚಿ ಕೈ ತೊಳೆದ. ಉಳಿದ ಅರ್ಧವನ್ನು ಒಳ್ಳೆಯ ತಟ್ಟೆಗೆ ಹಾಕಿ, ನಿಂಬೆಹೋಳು ಇಟ್ಟು, ಫೋಟೋ ತೆಗೆದು ಹಳೆಯ ಸಹೋದ್ಯೋಗಿಗಳ ಗುಂಪಿಗೆ ಕಳಿಸಿದ. ಕೆಳಗೆ ಬರೆದದ್ದನ್ನು ತಾನೇ ಗಟ್ಟಿಯಾಗಿ ಓದಿಕೊಂಡ: "ಇವತ್ತು ನನ್ನ ಕೈಯಡುಗೆ."

ಇಂಥವನಿಗೆ ಹೊಗಳಿಕೆ ಬಂದರೆ ಏನಾಗುತ್ತದೋ ಅದೇ ಆಯಿತು. ಅವನು ಇಪ್ಪತ್ತು ವರ್ಷ ಯಾರ ಮುಂದೆ ಕೈಕಟ್ಟಿ ನಿಂತಿದ್ದನೋ ಆ ಹಳೆಯ ಪ್ರಿನ್ಸಿಪಾಲರು, ಮೈಸೂರು ಕಡೆಯ ನಂಜರಾಜೇ ಅರಸರು, ತಾವೂ ಒಂದು ದಿನ ಬಂದು ರುಚಿ ನೋಡುವುದಾಗಿ ಹೇಳಿದರು. ಒಂದು ಭಾನುವಾರದ ಊಟಕ್ಕೆ ಅರಸರನ್ನೂ ಇನ್ನಾರು ಜನರನ್ನೂ ಕರೆದ. ಬೆಳಗ್ಗೆಯೇ ದುರುಗಮ್ಮನಿಂದ ಎಂಟು ಮೀನು ಸಿದ್ಧ ಮಾಡಿಸಿ ನನ್ನೊಳಗೆ ಇಡಿಸಿದ.

"ಮಧ್ಯಾಹ್ನ ಒಂದು ಗಂಟಿತನಕ ಮುಚ್ಚಳ ತಗೀಬ್ಯಾಡ ತಮ್ಮಾ. ಅದರ ಪಾಡಿಗೆ ಅದು ಆಕ್ಕತಿ."

"ಆತು. ಜನ ಬರೋ ಹೊತ್ತಿಗೆ ನೀ ಕೆಳಗ ನಿನ್ನ ಕ್ವಾಣ್ಯಾಗ ಇರು. ಹೊಗಿಯಿಂದ ಕಣ್ಣಿಗೆ ತ್ರಾಸು."

ಆಕೆ ಹೋದಳು. ಕಣ್ಣಿನ ಕಾಳಜಿ ಎಷ್ಟೆಂದು ಆಕೆಗೂ ಗೊತ್ತಿತ್ತು. ಅಂದು ಶೆಡ್ಡಿನ ದಾರಿಯಲ್ಲಿ ತಪ್ಪಿದ ಆಸ್ಪತ್ರೆ ಮತ್ತೆ ಅವನ ನೆನಪಿಗೆ ಬಂದಿರಲಿಲ್ಲ.

ಜನ ಬಂದರು. ಏಪ್ರನ್ ಬಂತು. ಪ್ರತಿಯೊಬ್ಬ ಬಂದಾಗಲೂ ಅವನು ಮುಚ್ಚಳ ತೆಗೆದು ತೋರಿಸಿದ. ಹನ್ನೆರಡೂವರೆಗೆ ನನ್ನೊಳಗೆ ಬಿಸಿಯೇ ಉಳಿದಿರಲಿಲ್ಲ. ಹೊಗೆ ನಿಂತಿತು. ಅರಸರು ಗಡಿಯಾರ ನೋಡಿಕೊಂಡರು. ಆಗ ಅವನು ನೀರಿನ ತೊಟ್ಟಿಯ ಹಿಂದಿನಿಂದ ಡಬ್ಬಿ ತೆಗೆದು ಗೂಡಿಗೆ ಸೀಮೆಎಣ್ಣೆ ಸುರಿದ.

ಉರಿ ಗೂಡಿನಿಂದ ಹೊಟ್ಟೆಗೆ ನುಗ್ಗಿತು. ಕೆಳಗೆ ತೊಟ್ಟಿಕ್ಕಿದ್ದ ಮೀನಿನ ಎಣ್ಣೆ ಹತ್ತಿಕೊಂಡಿತು. ತೆರೆದ ಮುಚ್ಚಳದಿಂದ ಆಳೆತ್ತರ ಬೆಂಕಿ ಎದ್ದಿತು. ಅವನ ಹುಬ್ಬು ಸುಟ್ಟಿತು. ಅತಿಥಿಗಳು ಕುರ್ಚಿ ಉರುಳಿಸಿ ಗೋಡೆಗೆ ಸರಿದರು. ಮೇಲೆ ಕಟ್ಟಿದ್ದ ಶಾಮಿಯಾನದ ಬಟ್ಟೆಗೆ ಇನ್ನೊಂದು ಗೇಣು ಉಳಿದಿತ್ತು. ಅವನು ನೀರು, ನೀರು ಎಂದು ಕೂಗುತ್ತ ನಿಂತ.

ಸೀಮೆಎಣ್ಣೆಯ ವಾಸನೆ ಕೆಳಗಿನ ಕೋಣೆಗೆ ಮುಟ್ಟಿತ್ತು. ದುರುಗಮ್ಮ ಹಸಿ ಗೋಣಿಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದಳು. ನೀರು ಹಿಡಿದು ಬಂದವರನ್ನು ಕೈಯಡ್ಡ ಹಾಕಿ ತಡೆದಳು. ಕಾವಿನ ಗುರುತು ಹಿಡಿದು ನಡೆದು, ಗೋಣಿಯಿಂದ ಮುಚ್ಚಳ ಹಿಡಿದು ಕೆಳಗೆಳೆದು ಮುಚ್ಚಿದಳು. ಕಿಂಡಿ ಮುಚ್ಚಿದಳು. ಗೋಣಿಯನ್ನು ಹೊಗೆಕೊಳವೆಯ ಬಾಯಿಗೆ ಒತ್ತಿದಳು. ಉಸಿರಿಲ್ಲದೆ ಬೆಂಕಿ ಸತ್ತಿತು.

"ಯಾರಪ್ಪ ಇವರು?" ಎಂದರು ಅರಸರು.

ಹುಲುಗಪ್ಪ ಸುಟ್ಟ ಹುಬ್ಬು ಒರೆಸಿಕೊಂಡ. "ಮನೆ ಕೆಲಸದವರು ಸರ್."

ಸುಮಂಗಲ ತಲೆ ಎತ್ತಿ ಗಂಡನನ್ನು ನೋಡಿದಳು. ದುರುಗಮ್ಮನ ಕೈ ಇನ್ನೂ ನನ್ನ ಮುಚ್ಚಳದ ಮೇಲಿತ್ತು. ಕಬ್ಬಿಣ ಕಾದಿದೆ ಎಂಬುದನ್ನು ಆಕೆ ಮರೆತಿದ್ದಳು.

ಹೊಗೆಕೊಳವೆಯ ಕಡೆಗಿದ್ದ ಮೂರು ಮೀನು ಸುಡದೆ ಉಳಿದಿದ್ದವು. ಆಕೆಯೇ ಬಿಡಿಸಿ ಎಲ್ಲರಿಗೂ ಚೂರು ಚೂರು ಬಡಿಸಿದಳು. ಅರಸರು ತಿಂದು, ಎದ್ದು ಆಕೆಯ ಹತ್ತಿರ ಬಂದರು.

"ಬಹಳ ಚೆನ್ನಾಗಿದೆ ಕಣಮ್ಮ. ಎಲ್ಲಿ ಕಲಿತ್ರಿ?"

"ಹಿನ್ನೀರಿನಾಗ್ರಿ. ನಮ್ಮಪ್ಪ ಮೀನ ಹಿಡೀತಿದ್ರಿ."

"ಈ ಮನೆಯಲ್ಲಿ ಎಷ್ಟು ವರ್ಷದಿಂದ ಇದ್ದೀರಿ?"

ಹುಲುಗಪ್ಪನ ಉಸಿರು ನಿಂತದ್ದು ನನಗೆ ಕೇಳಿಸಿತು.

"ಹನ್ನೊಂದು ವರ್ಸ ಆತ್ರಿ," ಎಂದಳು ದುರುಗಮ್ಮ. "ಕೆಲಸಕ್ಕ ಅದೀನಿ."

ಅವನು ಉಸಿರು ಬಿಟ್ಟ. ಬದುಕಿದೆ ಎಂದುಕೊಂಡ. ಅದಕ್ಕಿಂತ ಹೀನವಾದ ನಿಟ್ಟುಸಿರನ್ನು ನಾನು ಕೇಳಿಲ್ಲ.

ಮರುದಿನ ಬೆಳಗ್ಗೆ ಒಂದು ಗೂಡ್ಸ್ ಆಟೋ ಮನೆ ಮುಂದೆ ನಿಂತಿತು. ದುರುಗಮ್ಮ ತನ್ನ ಗಂಟು ಹಿಡಿದು ತಾರಸಿಗೆ ಬಂದಳು. ಹಿಂದೆ ಹುಲುಗಪ್ಪ.

"ಅಕ್ಕಾ, ಬಾಯಿ ತಪ್ಪಿ ಬಂತು. ಅಷ್ಟಕ್ಕ ಯಾಕ ಹೊಂಟಿ?"

"ಸಿಟ್ಟೇನಿಲ್ಲಪ್ಪ. ಕೆಲಸದಾಕಿ ಅಂದಿ, ನಾನೂ ಹೂಂ ಅಂದೆ. ಹನ್ನೊಂದು ವರ್ಸದ ಸಂಬಳ ಕೊಡಬೇಕಲ್ಲ? ಇದನ್ನ ಒಯ್ತೀನಿ."

ಸುಮಂಗಲ ಮುಂದೆ ಬಂದು ನನ್ನ ಒಂದು ಕಾಲು ಹಿಡಿದಳು. "ನೀವೂ ಆ ಕಡೆ ಹಿಡೀರಿ," ಎಂದಳು ಗಂಡನಿಗೆ. ಅವನು ಹಿಡಿದ. ಹೀಗೆ ಸೂಪರಿಂಟೆಂಡೆಂಟ್ ಸಾಹೇಬ ನನ್ನನ್ನು ಹೊತ್ತು, ಓಣಿಯ ಜನ ನೋಡುತ್ತಿರುವಾಗ, ಬೀದಿಗೆ ತಂದ.

ಹಿನ್ನೀರಿನ ಕ್ಯಾಂಪಿನಲ್ಲಿ ದುರುಗಮ್ಮನ ಚಿಕ್ಕಪ್ಪನ ಮಗಳು ಹೊನ್ನೂರಮ್ಮ ಇದ್ದಳು. ಅವಳ ಮನೆಯ ಮುಂದೆ, ರಸ್ತೆಗೆ ಕಾಣುವಂತೆ ನನ್ನನ್ನು ನಿಲ್ಲಿಸಿದರು. ಅಲ್ಲಿ ನಾನು ದುಡಿದೆ. ಅಣೆಕಟ್ಟು ನೋಡಲು ಬಂದವರು ವಾಸನೆಗೆ ಕಾರು ನಿಲ್ಲಿಸುತ್ತಿದ್ದರು. ಆರು ತಿಂಗಳಲ್ಲಿ ಹೊನ್ನೂರಮ್ಮ ಆಕೆಯನ್ನು ಆಸ್ಪತ್ರೆಗೆ ಕರೆದೊಯ್ದು ಪೊರೆ ತೆಗೆಸಿದಳು. ಪಟ್ಟಿ ಬಿಚ್ಚಿದ ಮೇಲೆ ದುರುಗಮ್ಮ ನನ್ನ ಮುಂದೆ ನಿಂತು ಬಹಳ ಹೊತ್ತು ನೋಡಿದಳು.

"ಇಷ್ಟು ಕುರೂಪಿ ಅದೀಯೇನು ನೀನು," ಎಂದು ನಕ್ಕಳು. ನನಗೆ ಬೇಸರವಾಗಲಿಲ್ಲ.

ಎರಡು ವರ್ಷದ ಮೇಲೆ ಹುಲುಗಪ್ಪ ಒಬ್ಬನೇ ಬಂದ. ಬಸ್ಸಿನಲ್ಲಿ ಬಂದಿದ್ದ. ಗಿರಾಕಿಗಳ ನಡುವೆ ಬೆಂಚಿನ ತುದಿಯಲ್ಲಿ ಕುಳಿತ. ಈಗ ಉಗಿಯುತ್ತಾಳೆ, ಮುಖಕ್ಕೆ ಉಗಿದು ಕಳಿಸುತ್ತಾಳೆ ಎಂದು ನಾನು ಕಾದೆ. ಅಷ್ಟು ದಿನ ನಾನು ಅದಕ್ಕಾಗಿಯೇ ಕಾದಿದ್ದೆ.

ಆಕೆ ಎಲೆಯ ಮೇಲೆ ಮೀನು ಹಾಕಿ ತಂದಳು. ಹೊಟ್ಟೆಯ ಭಾಗ, ಮೆತ್ತಗಿನದು. ಪಕ್ಕದಲ್ಲಿ ಕೂತು ಒಂದೊಂದೇ ಮುಳ್ಳು ತೆಗೆಯತೊಡಗಿದಳು.

"ಅಕ್ಕಾ, ನಾ ತಕ್ಕೊಂತೀನಿ."

"ನಿನಗ ಬರಂಗಿಲ್ಲ. ಸಣ್ಣಾವ ಇದ್ದಾಗ ಗಂಟಲಕ್ಕ ಸಿಗಿಸಿಕೊಂಡು ಸಾಯಾಕ ಬಿದ್ದಿದ್ದಿ."

ಅರವತ್ಮೂರು ವರ್ಷದ ಗಂಡಸು ಅಕ್ಕ ಬಿಡಿಸಿಕೊಟ್ಟ ಮೀನು ತಿಂದ. ಕೊನೆಗೆ, "ಮನಿಗೆ ಬಾ ಅಕ್ಕಾ," ಎಂದ.

"ಅಲ್ಲಿಗೆ ಬರಂಗಿಲ್ಲಪ್ಪ. ನೀ ಬಾ. ತಿಂದು ಹೋಗು."

ಅವನು ಈಗಲೂ ತಿಂಗಳಿಗೆರಡು ಸಲ ಬರುತ್ತಾನೆ. ನನ್ನ ತಳ ತುಕ್ಕು ಹಿಡಿದು ಉದುರಿದೆ. ಹೊಸ ಒಲೆ ಬಂದು ನನ್ನ ಜಾಗದಲ್ಲಿ ನಿಂತಿದೆ. ನಾನು ಗುಡಿಸಲಿನ ಹಿಂದೆ, ಹರಿದ ಬಲೆಗಳ ಪಕ್ಕ ಇದ್ದೇನೆ. ಅಲ್ಲಿಂದ ಬೆಂಚು ಕಾಣುತ್ತದೆ. ಅವನನ್ನು ನೋಡಿದಾಗಲೆಲ್ಲ ನನಗೆ ಈಗಲೂ ಹೇಸಿಗೆಯೇ ಆಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ಮುದುಕಿ ಮುಳ್ಳು ತೆಗೆಯಲು ಕೂತಾಗ ನನ್ನ ಹೇಸಿಗೆ ನನಗೇ ಅಗ್ಗವೆನಿಸುತ್ತದೆ. ತಿರಸ್ಕಾರ ಮಾಡುವುದು ನನಗೆ ಸುಲಭವಾಗಿತ್ತು. ನಾನು ಯಾರನ್ನೂ ಎತ್ತಿ ಬೆಳೆಸಿದವನಲ್ಲ.